ಅಂಗಡಿಯಿಟ್ಟ ಕವಿ

ಪದ್ಯದ ಪುಸ್ತಕ ಖರ್ಚಾಗುವುದಿಲ್ಲ ಎಂಬ ಮಾತು ಯಾವ ದೇಶದ ಪ್ರಕಾಶಕನ ಬಾಯಲ್ಲಿ ಕೇಳಿದರೂ ಒಂದೇ. ಕಾದಂಬರಿಗೆ ವಾಚಕರುಂಟು, ಪಾಕಶಾಸ್ತ್ರಕ್ಕೆ ಗಿರಾಕಿಗಳುಂಟು, ಪಂಚಾಂಗಕ್ಕಂತೂ ವರ್ಷ ವರ್ಷವೂ ಬೇಡಿಕೆ ತಪ್ಪಿದ್ದಲ್ಲ. ಕವನಸಂಕಲನವೊಂದು ಮಾತ್ರ ಅಚ್ಚಿನ ಮನೆಯಿಂದ ಹೊರಬಿದ್ದ ದಿನವೇ ಅಟ್ಟ ಸೇರುವ ಸನ್ನಾಹದಲ್ಲಿರುತ್ತದೆ. ಸರಸ್ವತಿ ಇದ್ದಲ್ಲಿ ಲಕ್ಷ್ಮಿ ಕಾಲಿಡಳೆಂದು ಹೇಳಿ ನಮ್ಮ ಹಿರಿಯರು ಈ ವಿಚಾರಕ್ಕೆ ಮುಕ್ತಾಯ ಹಾಡಿದರು. ಕವಿಗಳೂ ಅದನ್ನೊಪ್ಪಿ, ಕಾವ್ಯದ ಸನ್ನಿಧಿಯಲ್ಲಿ ಮಾರಾಟದ ಮಾತನ್ನೆತ್ತುವುದೇ ಅಪಚಾರವೆಂದು ಭಾವಿಸಿದ್ದುಂಟು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನೂರೊಂದು ವರ್ಷಗಳ ತುಂಬು ಬಾಳನ್ನು ಮುಗಿಸಿ 2021ರಲ್ಲಿ ತೀರಿಕೊಂಡ ಲಾರೆನ್ಸ್ ಫರ್ಲಿಂಗೆಟ್ಟಿ ಎಂಬ ಕವಿ ಹಾಗೆ ಭಾವಿಸಲಿಲ್ಲ. ಆತ ಪುಸ್ತಕದಂಗಡಿಯೊಂದನ್ನಿಟ್ಟ. ಜೇಬಿನಲ್ಲಿ ಹಿಡಿಸುವಂತಹ ಪುಟ್ಟ ಕವನಸಂಕಲನಗಳ ಮಾಲೆಯೊಂದನ್ನು 1955ರಲ್ಲಿ ಆರಂಭಿಸಿದ. ಆ ಮಾಲೆಯ ನಾಲ್ಕನೆಯ ಪುಸ್ತಕಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ. ಮಾಲೆ ಅರವತ್ತು ಸಂಪುಟಗಳನ್ನು ದಾಟಿತು. ಅಂಗಡಿ ಇಂದಿಗೂ ಬಾಗಿಲು ತೆರೆದಿದೆ. ಕವಿತೆಯನ್ನು ಮಾರುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರವಲ್ಲ, ಮಾರುತ್ತಲೇ ಅದರ ಮಾನವನ್ನು ಕಾಯುವುದು ಹೇಗೆ ಎಂಬ ಇನ್ನೂ ಕಠಿಣವಾದ ಪ್ರಶ್ನೆಗೂ ಈ ಕವಿಯ ಜೀವನದಲ್ಲಿ ಉತ್ತರ ದೊರೆಯುತ್ತದೆ.

ಅರ್ಧ ಹೆಸರಿನ ಬಾಲಕ

ಫರ್ಲಿಂಗೆಟ್ಟಿ ಹುಟ್ಟಿದ್ದು 1919ರ ಮಾರ್ಚ್ 24ರಂದು, ನ್ಯೂಯಾರ್ಕಿಗೆ ಸಮೀಪದ ಯಾಂಕರ್ಸ್ ಎಂಬ ಊರಿನಲ್ಲಿ. ತಂದೆ ಇಟಲಿಯಿಂದ ವಲಸೆ ಬಂದವನು. ಮಗ ಹುಟ್ಟುವ ಮುನ್ನವೇ ಕಾಲವಾದ. ತಾಯಿ ಆ ಆಘಾತದಲ್ಲಿ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ಆಸ್ಪತ್ರೆ ಸೇರಿದಳು. ಕೂಸನ್ನು ಬಂಧುವರ್ಗದ ಹೆಂಗಸೊಬ್ಬಳು ಎತ್ತಿಕೊಂಡು ಫ್ರಾನ್ಸಿಗೆ ಹೋದಳು. ಹೀಗಾಗಿ ಮುಂದೆ ಇಂಗ್ಲಿಷಿನಲ್ಲಿ ಹೆಸರಾದ ಈ ಕವಿ ಮೊದಲು ತೊದಲಿದ್ದು ಫ್ರೆಂಚ್ ಭಾಷೆಯಲ್ಲಿ. ಅಮೆರಿಕಕ್ಕೆ ಹಿಂದಿರುಗಿದ ಮೇಲೆ ಕೆಲಕಾಲ ಅನಾಥಾಲಯದಲ್ಲಿಯೂ, ಆ ಬಳಿಕ ಸಿರಿವಂತ ಮನೆತನವೊಂದರ ಆಶ್ರಯದಲ್ಲಿಯೂ ಬೆಳೆದ. ತಂದೆ ತನ್ನ ಕುಲನಾಮವನ್ನು ‘ಫರ್ಲಿಂಗ್’ ಎಂದು ಮೊಟಕುಗೊಳಿಸಿಕೊಂಡಿದ್ದರಿಂದ ಮಗನಿಗೂ ಬಹುಕಾಲ ಆ ಅರ್ಧ ಹೆಸರೇ ಉಳಿಯಿತು. ಪೂರ್ಣ ಹೆಸರನ್ನು ಮರಳಿ ಧರಿಸಿದ್ದು ತನ್ನ ಮೊದಲ ಕವನಸಂಕಲನದ ಮುಖಪುಟದ ಮೇಲೆ.

ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಓದಿ 1941ರಲ್ಲಿ ಪದವೀಧರನಾದ ಈತ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯನ್ನು ಸೇರಿದ. 1944ರ ನಾರ್ಮಂಡಿ ದಾಳಿಯಲ್ಲಿ ಪುಟ್ಟ ಯುದ್ಧನೌಕೆಯೊಂದರ ನಾಯಕನಾಗಿದ್ದ. ಯುದ್ಧ ಮುಗಿದ ಬಳಿಕ, ಅಣುಬಾಂಬು ಬಿದ್ದ ಕೆಲವೇ ವಾರಗಳಲ್ಲಿ, ನಾಗಸಾಕಿ ನಗರವನ್ನು ಕಣ್ಣಾರೆ ಕಂಡ. ಆ ಬೂದಿಯ ಬಯಲನ್ನು ಕಂಡ ಮೇಲೆ ತಾನು ಯಾವ ಯುದ್ಧವನ್ನೂ ಬೆಂಬಲಿಸಲಾರೆನೆಂಬ ನಿಶ್ಚಯ ಆತನಲ್ಲಿ ನೆಲೆಗೊಂಡಿತು. ಜೀವಮಾನವಿಡೀ ಅದು ಸಡಿಲಲಿಲ್ಲ.

ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ. ಎ., ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್. ಪ್ಯಾರಿಸ್ಸಿನಲ್ಲಿ ಆತ ಕಂಡ ಒಂದು ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಅಲ್ಲಿ ಘನವಾದ ಸಾಹಿತ್ಯವೂ ಕ್ಯಾಲಿಕೊ ಬೈಂಡಿನ ಬಿಗುಮಾನವಿಲ್ಲದೆ, ಕಾಗದದ ಹೊದಿಕೆಯಲ್ಲಿಯೇ ಬರುತ್ತಿತ್ತು. ಪಿಯರ್ ಸೆಗೆರ್ಸ್ ಎಂಬ ಪ್ರಕಾಶಕ ‘ಇಂದಿನ ಕವಿಗಳು’ ಎಂಬ ಅರ್ಥದ ಹೆಸರಿಟ್ಟು, ಒಂದೇ ಆಕಾರದ ಪುಟ್ಟ ಪುಸ್ತಕಗಳ ಮಾಲೆಯನ್ನು ಹೊರತರುತ್ತಿದ್ದ. ವಿದ್ಯಾರ್ಥಿಗಳು ಅವನ್ನು ಕೋಟಿನ ಜೇಬಿಗಿಳಿಸಿಕೊಂಡು ತಿರುಗುತ್ತಿದ್ದರು. ಕವಿತೆಯು ಕಪಾಟಿನ ಅಲಂಕಾರವಾಗದೆ ಹೀಗೆ ಬೀದಿಯಲ್ಲಿ ನಡೆದಾಡಬಹುದೆಂಬುದನ್ನು ಆತ ಅಲ್ಲಿ ಕಂಡುಕೊಂಡ.

ನಡುರಾತ್ರಿಯವರೆಗೆ ಬೆಳಗಿದ ದೀಪ

1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ ಫರ್ಲಿಂಗೆಟ್ಟಿ ಫ್ರೆಂಚ್ ಪಾಠ ಹೇಳುತ್ತ, ಪತ್ರಿಕೆಗಳಿಗೆ ಕಲಾವಿಮರ್ಶೆ ಬರೆಯುತ್ತ, ಚಿತ್ರ ಬಿಡಿಸುತ್ತ ದಿನ ನೂಕುತ್ತಿದ್ದ. ಅದೇ ನಗರದಲ್ಲಿ ಪೀಟರ್ ಮಾರ್ಟಿನ್ ಎಂಬ ತರುಣ ಪುಟ್ಟ ಪತ್ರಿಕೆಯೊಂದನ್ನು ನಡೆಸುತ್ತಿದ್ದ. ಚಾರ್ಲಿ ಚಾಪ್ಲಿನ್ನನ 1931ರ ಚಲನಚಿತ್ರದ ಹೆಸರನ್ನೇ ಆ ಪತ್ರಿಕೆಗಿಟ್ಟಿದ್ದ: ‘ಸಿಟಿ ಲೈಟ್ಸ್’. ಫ್ರೆಂಚ್ ಕವಿ ಝಾಕ್ ಪ್ರೆವೆರನ ಪದ್ಯಗಳಿಗೆ ಫರ್ಲಿಂಗೆಟ್ಟಿ ಮಾಡಿದ ಅನುವಾದಗಳು ಅದರಲ್ಲಿ ಪ್ರಕಟವಾಗಿದ್ದವು. ಸಾಹಿತ್ಯಪತ್ರಿಕೆಯ ಖರ್ಚು ಪತ್ರಿಕೆಯಿಂದಲೇ ಹುಟ್ಟುವುದಿಲ್ಲವೆಂಬುದು ಲೋಕವಿದಿತ. ಅದರ ಬಾಡಿಗೆಯಾದರೂ ಹುಟ್ಟಲಿ ಎಂದು ಮಾರ್ಟಿನ್ ಕೆಳಗಿನ ಅಂತಸ್ತಿನಲ್ಲಿ ಪುಸ್ತಕದಂಗಡಿ ತೆರೆಯುವ ಯೋಚನೆ ಮಾಡಿದ. 1953ರಲ್ಲಿ ಇಬ್ಬರೂ ತಲಾ 500 ಡಾಲರ್ ಬಂಡವಾಳ ಹಾಕಿದರು. ಕೊಲಂಬಸ್ ರಸ್ತೆಯ 261ನೆಯ ನಂಬರಿನ ಮೂರು ಮೂಲೆಯ ಕಟ್ಟಡದಲ್ಲಿ ಅಂಗಡಿ ಆರಂಭವಾಯಿತು.

ಆ ಅಂಗಡಿಯ ವೈಶಿಷ್ಟ್ಯವನ್ನು ತಿಳಿಯಬೇಕಾದರೆ ಅಂದಿನ ಅಮೆರಿಕದ ಪುಸ್ತಕ ವ್ಯಾಪಾರದ ಸ್ಥಿತಿಯನ್ನು ಸ್ವಲ್ಪ ಅರಿಯಬೇಕು. ಇಂಗ್ಲೆಂಡಿನಲ್ಲಿ 1935ರಲ್ಲಿ ಪೆಂಗ್ವಿನ್ ಸಂಸ್ಥೆ ಆರು ಪೆನ್ಸಿನ ಸಾದಾ ಪುಸ್ತಕಗಳನ್ನು ಹೊರತಂದಿತ್ತು. ಅಮೆರಿಕದಲ್ಲಿ 1939ರಲ್ಲಿ ಪಾಕೆಟ್ ಬುಕ್ಸ್ ಸಂಸ್ಥೆ 25 ಸೆಂಟಿನ ಪುಸ್ತಕಗಳನ್ನು ತಂದಿತು. ಆದರೆ ಇವು ಮಾರಾಟವಾಗುತ್ತಿದ್ದುದು ಔಷಧದಂಗಡಿ, ಬಸ್ ನಿಲ್ದಾಣ, ಪತ್ರಿಕೆಯ ಗೂಡಂಗಡಿಗಳಲ್ಲಿ. ಮರ್ಯಾದಸ್ಥ ಪುಸ್ತಕದಂಗಡಿಗಳು ದಪ್ಪ ರಟ್ಟಿನ ಪುಸ್ತಕಗಳನ್ನೇ ಇಟ್ಟುಕೊಂಡು, ಸಂಜೆಗೆ ಬಾಗಿಲು ಹಾಕಿ ಮನೆ ಸೇರುತ್ತಿದ್ದವು. ಸಿಟಿ ಲೈಟ್ಸ್ ಅಂಗಡಿಯಾದರೋ ಕೇವಲ ಸಾದಾ ರಟ್ಟಿನ ಪುಸ್ತಕಗಳನ್ನೇ ಮಾರುವ, ಆ ದೇಶದ ಪ್ರಥಮ ಪುಸ್ತಕದಂಗಡಿಯೆಂಬ ಹೆಸರನ್ನು ಪಡೆಯಿತು. ದುಡಿದು ಬಂದವನು ಊಟ ಮುಗಿಸಿ ನಿಧಾನವಾಗಿ ಬಂದರೂ ಬಾಗಿಲು ತೆರೆದಿರುತ್ತಿತ್ತು. ನಡುರಾತ್ರಿಯವರೆಗೂ ದೀಪ ಉರಿಯುತ್ತಿತ್ತು. ಕೊಳ್ಳದಿದ್ದರೂ ಕುಳಿತು ಓದಬಹುದಾಗಿತ್ತು. ನೆಲೆಯಿಲ್ಲದ ಕವಿಗಳು ತಮ್ಮ ಕಾಗದಪತ್ರಗಳನ್ನು ಆ ಅಂಗಡಿಯ ವಿಳಾಸಕ್ಕೇ ತರಿಸಿಕೊಳ್ಳುತ್ತಿದ್ದರು.

1955ರಲ್ಲಿ ಮಾರ್ಟಿನ್ ತನ್ನ ಪಾಲನ್ನು ಗೆಳೆಯನಿಗೆ ಬಿಟ್ಟುಕೊಟ್ಟು ನ್ಯೂಯಾರ್ಕಿಗೆ ಹೊರಟುಹೋದ. ಅಂಗಡಿಯ ಪೂರ್ಣ ಭಾರ ಕವಿಯ ಹೆಗಲಿಗೆ ಬಂದಿತು. ಮಾರಾಟದ ಜವಾಬ್ದಾರಿಯನ್ನು ಹೊತ್ತುಕೊಂಡವನು ಶಿಗೆಯೋಶಿ ಮುರಾವೊ. ಜಪಾನೀ ಮೂಲದ ಅಮೆರಿಕನ್ ಆದ ಈತನನ್ನೂ ಈತನ ಕುಟುಂಬವನ್ನೂ ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರವೇ ಬಂಧನ ಶಿಬಿರದಲ್ಲಿರಿಸಿತ್ತು. ಮೊದಮೊದಲು ಸಂಬಳವಿಲ್ಲದೆಯೇ ದುಡಿದ ಈ ಮೌನಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮೊದಲು ದಸ್ತಗಿರಿಯಾಗುವವನು ಈತನೇ.

ಮಾಲೆಯ ಗುಟ್ಟು

1955ರ ಆಗಸ್ಟಿನಲ್ಲಿ ‘ಪಾಕೆಟ್ ಪೊಯೆಟ್ಸ್’ ಮಾಲೆಯ ಮೊದಲ ಕುಸುಮ ಅರಳಿತು. ಅದು ಫರ್ಲಿಂಗೆಟ್ಟಿಯ ಚೊಚ್ಚಲ ಕೃತಿ, ‘ಪಿಕ್ಚರ್ಸ್ ಆಫ್ ದಿ ಗಾನ್ ವರ್ಲ್ಡ್’. ಅಚ್ಚಾದದ್ದು 500 ಪ್ರತಿ. ಗೆಳೆಯರೊಡನೆ ಕೂಡಿ ಕವಿ ಕೈಯಿಂದಲೇ ಹಾಳೆ ಜೋಡಿಸಿ, ಹೊದಿಕೆ ಅಂಟಿಸಿ, ತನ್ನ ಅಂಗಡಿಯಲ್ಲಿಯೇ ಮಾರಾಟಕ್ಕಿಟ್ಟ.

ಇದಿಷ್ಟೇ ಆಗಿದ್ದರೆ ಹೇಳಬೇಕಾದ ವಿಶೇಷವಿರಲಿಲ್ಲ. ಸ್ವಂತ ಖರ್ಚಿನಲ್ಲಿ ಪದ್ಯ ಅಚ್ಚು ಮಾಡಿಸಿ ಕೈ ಸುಟ್ಟುಕೊಂಡ ಕವಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದರೆ ಫರ್ಲಿಂಗೆಟ್ಟಿ ತನ್ನ ಪುಸ್ತಕದ ಮೇಲೆ ‘ಒಂದು’ ಎಂಬ ಸಂಖ್ಯೆಯನ್ನು ಹಾಕಿದ. ಒಂದೆಂದ ಮೇಲೆ ಎರಡಿರಲೇಬೇಕು. ಎರಡನೆಯದು ಕೆನೆತ್ ರೆಕ್ಸ್‌ರಾತ್ ಅನುವಾದಿಸಿದ ಸ್ಪ್ಯಾನಿಷ್ ಕವಿತೆಗಳು. ಮೂರನೆಯದು ಕೆನೆತ್ ಪ್ಯಾಚನ್ನನ ಹಾಸ್ಯ ಮತ್ತು ಪ್ರತಿಭಟನೆಯ ಕವನಗಳು. ಇಬ್ಬರೂ ಆಗಲೇ ಹೆಸರಾಗಿದ್ದ ಹಿರಿಯರು. ಹೊಸಬನೊಬ್ಬನು ಹೀಗೆ ಹಿರಿಯರ ಪಂಕ್ತಿಯಲ್ಲಿ ತನ್ನ ಎಲೆಯನ್ನೂ ಹಾಕಿಕೊಂಡ ಎಂದು ಯಾರಾದರೂ ನಗಬಹುದು. ಆದರೆ ಅಂಗಡಿಯವನ ದೃಷ್ಟಿಯಿಂದ ನೋಡಿದರೆ ಇದರ ಮರ್ಮ ಬೇರೆ.

ತೆಳ್ಳನೆಯ ಪದ್ಯದ ಪುಸ್ತಕಕ್ಕೆ ಅಂಗಡಿಯಲ್ಲಿ ಒದಗುವ ಮೊದಲ ಕಷ್ಟವೆಂದರೆ ಅದು ಕಣ್ಣಿಗೇ ಬೀಳದಿರುವುದು. ಅರವತ್ತೆಪ್ಪತ್ತು ಪುಟದ ಪುಸ್ತಕದ ಬೆನ್ನಿನ ಮೇಲೆ ಹೆಸರನ್ನು ಅಚ್ಚು ಮಾಡಲೂ ಸ್ಥಳವಿರುವುದಿಲ್ಲ. ದಪ್ಪ ಕಾದಂಬರಿಗಳ ನಡುವೆ ಅದು ಸೇರಿತೆಂದರೆ ಮುಗಿಯಿತು, ಧೂಳು ಹೊಡೆಯುವವನ ಕೈಗೇ ಅದು ಮತ್ತೆ ಸಿಕ್ಕಬೇಕು. ಆದರೆ ಆರು ಅಂಗುಲ ಎತ್ತರ, ಐದು ಅಂಗುಲ ಅಗಲದ ಹತ್ತಾರು ಪುಸ್ತಕಗಳು ಒಂದೇ ಮಾದರಿಯ ಉಡುಪು ತೊಟ್ಟು ಸಾಲಾಗಿ ನಿಂತರೆ ಸಂಗತಿಯೇ ಬೇರೆ. ಮಾಲೆಯ ಹಲವು ಪುಸ್ತಕಗಳಿಗೆ ಸುತ್ತಲೂ ಗಾಢವರ್ಣದ ಚೌಕಟ್ಟು, ನಡುವೆ ಬಿಳಿಯ ತಳದ ಮೇಲೆ ಹೆಸರು. ಅಂಗಡಿಯ ಬಾಗಿಲಿನಲ್ಲಿ ನಿಂತವನೂ ಗುರುತು ಹಿಡಿಯಬಲ್ಲ.

ಎರಡನೆಯ ಕಷ್ಟ, ಕವಿಯ ಹೆಸರು ಯಾರಿಗೂ ಗೊತ್ತಿಲ್ಲದಿರುವುದು. ಹೊಸ ಕವಿಯ ಪುಸ್ತಕವನ್ನು ಕೊಳ್ಳುವವನು ಕಣ್ಣು ಮುಚ್ಚಿ ಬಾವಿಗೆ ಇಳಿಯುವವನಂತೆ. ಮಾಲೆಯಲ್ಲಿ ಒಂದು ಪುಸ್ತಕವನ್ನೋದಿ ತೃಪ್ತಿ ಪಟ್ಟವನಿಗೆ ಮುಂದಿನ ಪುಸ್ತಕದ ವಿಷಯದಲ್ಲಿ ಒಂದು ಧೈರ್ಯವಿರುತ್ತದೆ. ಹಿರಿಯ ಕವಿ ಕಿರಿಯನಿಗೆ ಜಾಮೀನು ನಿಂತಂತಾಗುತ್ತದೆ. ಮೂರನ್ನೂ ಐದನ್ನೂ ಕೊಂಡವನಿಗೆ ನಡುವಿನ ನಾಲ್ಕು ತನ್ನ ಬಳಿಯಿಲ್ಲವೆಂಬ ಚಡಪಡಿಕೆಯೂ ಸೇರಿಕೊಳ್ಳುತ್ತದೆ. ಗ್ರಂಥಮಾಲೆಗಳ ಸವಿಯನ್ನು ಬಲ್ಲ ಕನ್ನಡ ವಾಚಕರಿಗೆ ಈ ಚಡಪಡಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಬೆಲೆ. ನಾಲ್ಕನೆಯ ಸಂಪುಟಕ್ಕೆ ಇಟ್ಟ ಬೆಲೆ 75 ಸೆಂಟು. ಅಂದಿನ ವಿನಿಮಯ ದರದಂತೆ ನಮ್ಮ ಮೂರೂವರೆ ರೂಪಾಯಿ. ಅಮೆರಿಕದ ವಿದ್ಯಾರ್ಥಿಯೊಬ್ಬ ಒಂದು ಹೊತ್ತಿನ ಊಟವನ್ನು ಹಗುರ ಮಾಡಿಕೊಂಡರೆ ಪುಸ್ತಕ ಕೈಗೆ ಬರುವಂತಿತ್ತು. ಈ ಬೆಲೆಯನ್ನು ಸಾಧಿಸುವುದಕ್ಕಾಗಿ ಮುದ್ರಣದ ಕೆಲಸವನ್ನು ಇಂಗ್ಲೆಂಡಿನ ವಿಲಿಯರ್ಸ್ ಎಂಬ ಮುದ್ರಣಾಲಯಕ್ಕೆ ಒಪ್ಪಿಸಲಾಗುತ್ತಿತ್ತು. ಒಮ್ಮೆಗೆ ಅಚ್ಚು ಹಾಕಿಸುತ್ತಿದ್ದುದು ಸಾವಿರದಷ್ಟು ಪ್ರತಿ. ಬೇಡಿಕೆ ಬಂದಂತೆ ಮತ್ತೆ ಮುದ್ರಣ. ಬಂಡವಾಳ ಕಡಿಮೆಯಿರುವವನಿಗೆ ಇದೇ ಕ್ಷೇಮದ ಮಾರ್ಗ. ಇದೆಲ್ಲಕ್ಕಿಂತ ಮಿಗಿಲಾಗಿ ಆತನಿಗೆ ಸ್ವಂತ ಅಂಗಡಿಯಿತ್ತು. ಉಳಿದ ಪ್ರಕಾಶಕರು ತಮ್ಮ ಪುಸ್ತಕವನ್ನು ಎದುರಿಗಿಡಿರೆಂದು ಅಂಗಡಿಯವನನ್ನು ಬೇಡಬೇಕು. ಇಲ್ಲಿ ಬೇಡುವವನೂ ಕೊಡುವವನೂ ಒಬ್ಬನೇ.

ಸುಂಕದವನ ಮುಂದೆ

1955ರ ಅಕ್ಟೋಬರ್ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದ ‘ಸಿಕ್ಸ್ ಗ್ಯಾಲರಿ’ಯಲ್ಲಿ ಕವಿಗೋಷ್ಠಿಯೊಂದು ನಡೆಯಿತು. ಅಲ್ಲಿ ಅಲೆನ್ ಗಿನ್ಸ್‌ಬರ್ಗ್ ಎಂಬ ಇಪ್ಪತ್ತೊಂಬತ್ತರ ತರುಣ ತನ್ನ ‘ಹೌಲ್’ ಎಂಬ ನೀಳ್ಗವನದ ಮೊದಲ ಭಾಗವನ್ನು ಓದಿದ. ‘ಹೌಲ್’ ಎಂದರೆ ಊಳಿಡುವ ಕೂಗು. ಯುದ್ಧಾನಂತರದ ಸಮೃದ್ಧ ಅಮೆರಿಕದಲ್ಲಿ ನೆಲೆಗಾಣದೆ ಕೆಟ್ಟುಹೋದ ತನ್ನ ತಲೆಮಾರಿನವರಿಗಾಗಿ ಇಟ್ಟ ಗೋಳು ಅದು. ಅದರ ಭಾಷೆ ಬೀದಿಯ ಭಾಷೆ. ಸಭ್ಯರು ಬಾಯಿ ಬಿಟ್ಟು ಆಡದ ಮಾತುಗಳು ಅದರಲ್ಲಿ ಹೇರಳವಾಗಿದ್ದವು. ಸಭೆಯಲ್ಲಿದ್ದ ಫರ್ಲಿಂಗೆಟ್ಟಿ ಹಸ್ತಪ್ರತಿ ಯಾವಾಗ ಕೊಡುವೆಯೆಂದು ಕವಿಗೆ ತಂತಿ ಕಳುಹಿಸಿದನೆಂದು ಹೇಳುತ್ತಾರೆ.

ಪುಸ್ತಕವು ಅಪಾಯಕ್ಕೆ ಗುರಿಯಾದೀತೆಂಬ ಅರಿವು ಪ್ರಕಾಶಕನಿಗೆ ಮೊದಲೇ ಇತ್ತು. ಆದಕಾರಣ ಮುದ್ರಣಕ್ಕೆ ಮುನ್ನವೇ ನಾಗರಿಕ ಸ್ವಾತಂತ್ರ್ಯದ ಒಕ್ಕೂಟಕ್ಕೆ ಹಸ್ತಪ್ರತಿಯನ್ನು ತೋರಿಸಿ, ತೊಂದರೆ ಬಂದಲ್ಲಿ ರಕ್ಷಣೆಗೆ ನಿಲ್ಲುವಿರಾ ಎಂದು ವಿಚಾರಿಸಿಕೊಂಡಿದ್ದ. ಹಿರಿಯ ಕವಿ ವಿಲಿಯಂ ಕಾರ್ಲೊಸ್ ವಿಲಿಯಮ್ಸನಿಂದ ಮುನ್ನುಡಿ ದೊರೆಯಿತು. 1956ರ ಶರತ್ಕಾಲದಲ್ಲಿ ಸಾವಿರ ಪ್ರತಿಗಳ ಮೊದಲ ಮುದ್ರಣ ಹೊರಬಂದಿತು. ಸಾವಿರವೂ ಖರ್ಚಾದಾವೇ ಎಂಬ ಸಂದೇಹವನ್ನು ಗಿನ್ಸ್‌ಬರ್ಗನೇ ಪ್ರಕಾಶಕನಿಗೆ ಬರೆದ ಕಾಗದದಲ್ಲಿ ತೋಡಿಕೊಂಡಿದ್ದ.

1957ರ ಮಾರ್ಚ್ 25ರಂದು, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಮರುಮುದ್ರಣದ 520 ಪ್ರತಿಗಳನ್ನು ಸುಂಕದ ಅಧಿಕಾರಿಗಳು ಅಶ್ಲೀಲವೆಂಬ ಕಾರಣದಿಂದ ಜಪ್ತು ಮಾಡಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಫರ್ಲಿಂಗೆಟ್ಟಿ ಅದಕ್ಕೆ ಹೋಗಲಿಲ್ಲ. ಹೊರದೇಶದಿಂದ ಬಂದರಲ್ಲವೇ ಸುಂಕದ ಇಲಾಖೆಯ ಅಧಿಕಾರ! ಅಮೆರಿಕದೊಳಗೇ ಹೊಸ ಮುದ್ರಣವೊಂದನ್ನು ಹಾಕಿಸಿ ಅಂಗಡಿಯಲ್ಲಿಟ್ಟ. ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ವಕೀಲ ಒಪ್ಪದಿದ್ದುದರಿಂದ ಜಪ್ತಾದ ಪ್ರತಿಗಳೂ ಮೇ ತಿಂಗಳಿನಲ್ಲಿ ಬಿಡುಗಡೆಯಾದವು.

ವಿಘ್ನ ಕಳೆಯಿತೆನ್ನುವಷ್ಟರಲ್ಲಿ ಊರಿನ ಪೊಲೀಸರು ಕಾಲಿಟ್ಟರು. ಜೂನ್ ಮೊದಲ ವಾರದಲ್ಲಿ ಮಫ್ತಿಯಲ್ಲಿದ್ದ ಇಬ್ಬರು ಅಂಗಡಿಗೆ ಬಂದು, 75 ಸೆಂಟು ಕೊಟ್ಟು ಪುಸ್ತಕ ಕೊಂಡು, ಮಾರಿದ ಮುರಾವೊನನ್ನು ದಸ್ತಗಿರಿ ಮಾಡಿದರು. ಊರಿನಲ್ಲಿಲ್ಲದ ಫರ್ಲಿಂಗೆಟ್ಟಿ ಹಿಂದಿರುಗಿ ತಾನಾಗಿಯೇ ಪೊಲೀಸರಿಗೆ ಒಪ್ಪಿಸಿಕೊಂಡ. ಇಬ್ಬರಿಗೂ ನಾಗರಿಕ ಸ್ವಾತಂತ್ರ್ಯದ ಒಕ್ಕೂಟ ಜಾಮೀನು ಕೊಟ್ಟಿತು. ಶಿಕ್ಷೆಯಾಗಿದ್ದರೆ ಸೆರೆವಾಸ, ಅಂಗಡಿಗೂ ಬೀಗ ಬೀಳಬಹುದಾಗಿತ್ತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕವಿತೆಯನ್ನು ಬರೆದ ಗಿನ್ಸ್‌ಬರ್ಗ್ ಆ ಕಾಲಕ್ಕೆ ಸಮುದ್ರದಾಚೆ ಪ್ರವಾಸದಲ್ಲಿದ್ದ. ನ್ಯಾಯಾಲಯದಲ್ಲಿ ನಿಂತವರು ಅಚ್ಚು ಮಾಡಿಸಿದವನು ಮತ್ತು ಮಾರಿದವನು.

ವಿಚಾರಣೆ ಆ ಬೇಸಿಗೆಯಲ್ಲಿ ನಡೆಯಿತು. ಪ್ರಸಿದ್ಧ ವಕೀಲ ಜೇಕ್ ಎರ್ಲಿಕ್ ಮತ್ತು ಸಂಗಡಿಗರು ಶುಲ್ಕವಿಲ್ಲದೆ ವಾದಿಸಿದರು. ಪ್ರಾಧ್ಯಾಪಕರು, ವಿಮರ್ಶಕರು, ಲೇಖಕರು ಸೇರಿ ಒಂಬತ್ತು ಮಂದಿ ಸಾಹಿತ್ಯಜ್ಞರು ಪುಸ್ತಕದ ಪರವಾಗಿ ಸಾಕ್ಷ್ಯ ನುಡಿದರು. ಸರ್ಕಾರಿ ವಕೀಲನು ಇಂಥ ಸಾಲಿಗೆ ಅರ್ಥವೇನು, ಇಂಥ ಪದವೇಕೆ ಬೇಕಿತ್ತು ಎಂದು ಒಬ್ಬೊಬ್ಬರನ್ನೂ ಕೇಳಿದ. ನ್ಯಾಯಾಧೀಶ ಕ್ಲೇಟನ್ ಹಾರ್ನ್ ಭಾನುವಾರಗಳಂದು ಮಕ್ಕಳಿಗೆ ಬೈಬಲ್ ಪಾಠ ಹೇಳುವ ದೈವಭಕ್ತ. ಇಂಥವನ ಮುಂದೆ ಈ ಪುಸ್ತಕ ಉಳಿದೀತೆಂಬ ಭರವಸೆ ಹೆಚ್ಚು ಮಂದಿಗೆ ಇದ್ದಿರಲಾರದು. ಆದರೆ ಆತ ಪುಸ್ತಕವನ್ನು ಓದಿದ. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಅಶ್ಲೀಲತೆಯ ವಿಷಯವಾಗಿ ಕೊಟ್ಟಿದ್ದ ತೀರ್ಪನ್ನೂ ಪರಿಶೀಲಿಸಿದ. ಅಕ್ಟೋಬರ್ 3ರಂದು ತೀರ್ಪು ಹೊರಬಿದ್ದಿತು. ಸಮಾಜಕ್ಕೆ ಅಲ್ಪವಾದರೂ ಮಹತ್ವವುಳ್ಳ ಕೃತಿಯನ್ನು ಅಶ್ಲೀಲವೆಂದು ದಂಡಿಸಲಾಗದು, ಲೇಖಕನಿಗೆ ತನ್ನ ಮಾತನ್ನು ತನ್ನದೇ ಪದಗಳಲ್ಲಿ ಹೇಳುವ ಹಕ್ಕಿರಬೇಕು ಎಂಬುದು ಅದರ ತಿರುಳು. ಮುರಾವೊನ ಮೇಲಿನ ಆರೋಪ ಮೊದಲೇ ಬಿದ್ದುಹೋಗಿತ್ತು. ಫರ್ಲಿಂಗೆಟ್ಟಿ ನಿರ್ದೋಷಿಯೆಂದು ಬಿಡುಗಡೆಯಾದ.

ಸಾವಿರ ಪ್ರತಿಯ ಚಿಂತೆ ಎಲ್ಲಿ ಹೋಯಿತೋ! ಮೊಕದ್ದಮೆಯ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಹರಡಿ, ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಅಚ್ಚಾಗಿದ್ದವು. ಕಾಲಕ್ರಮದಲ್ಲಿ ಆ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ವಿಮರ್ಶಕರಿಗೆ ವರ್ಷಗಟ್ಟಲೆ ಹಿಡಿಯಬಹುದಾಗಿದ್ದ ಕೆಲಸವನ್ನು ಸುಂಕದ ಅಧಿಕಾರಿ ಒಂದೇ ದಿನದಲ್ಲಿ ಮಾಡಿಕೊಟ್ಟನೆಂದು ಫರ್ಲಿಂಗೆಟ್ಟಿ ಪತ್ರಿಕೆಯಲ್ಲಿ ಹಾಸ್ಯವಾಗಿ ಬರೆದ.

ಒಂದೇ ರಾಗ ಹಾಡಲಿಲ್ಲ

ಇಲ್ಲಿಂದ ಮುಂದಿನದೇ ನಿಜವಾದ ಪರೀಕ್ಷೆ. ಒಂದು ಪುಸ್ತಕ ಹೀಗೆ ಗೆದ್ದ ಮೇಲೆ ಅದೇ ಬಗೆಯ ಹತ್ತು ಪುಸ್ತಕಗಳನ್ನು ಬಿಸಿಬಿಸಿಯಾಗಿ ಇಳಿಸುವುದು ವ್ಯಾಪಾರದ ಸಹಜ ನಡೆ. ಬೀಟ್ ಪಂಥದವರೆಂದು ಹೆಸರಾದ ಗಿನ್ಸ್‌ಬರ್ಗನ ಬಳಗಕ್ಕೆ ಗಿರಾಕಿಗಳು ಮುಗಿಬೀಳುತ್ತಿದ್ದ ಕಾಲವದು. ಫರ್ಲಿಂಗೆಟ್ಟಿ ಆ ಬಳಗದ ಗ್ರೆಗರಿ ಕಾರ್ಸೊವಿನ ‘ಗ್ಯಾಸೊಲೀನ್’ ಸಂಗ್ರಹವನ್ನು ಎಂಟನೆಯ ಕುಸುಮವಾಗಿ ತಂದದ್ದು ನಿಜ. ಆದರೆ ಅದರ ಅಕ್ಕಪಕ್ಕದಲ್ಲಿ ನಿಂತವರನ್ನು ನೋಡಿ. ಆರನೆಯದು, ಇಂಗ್ಲೆಂಡಿನಿಂದ ಬಂದು ನೆಲೆಸಿದ ಡೆನಿಸ್ ಲೆವರ್ಟಾಫ್ ಎಂಬಾಕೆಯ ಸೌಮ್ಯ ಕವಿತೆಗಳು. ಏಳನೆಯದು, ವಿಲಿಯಂ ಕಾರ್ಲೊಸ್ ವಿಲಿಯಮ್ಸನ ಹಳೆಯ ಕೃತಿಯ ಮರುಮುದ್ರಣ. ಒಂಬತ್ತನೆಯದು, ಫರ್ಲಿಂಗೆಟ್ಟಿಯೇ ಅನುವಾದಿಸಿದ ಪ್ರೆವೆರನ ಫ್ರೆಂಚ್ ಪದ್ಯಗಳು. ಆಮೇಲೆ ಚಿಲಿ ದೇಶದ ನಿಕಾನೊರ್ ಪಾರ್ರ; 1962ರಲ್ಲಿ, ಶೀತಲಯುದ್ಧ ಕಾವೇರಿದ್ದ ದಿನಗಳಲ್ಲಿಯೇ, ಸೋವಿಯತ್ ರಷ್ಯದ ತರುಣ ಕವಿಗಳು. ತನ್ನ ಮಾಲೆ ಒಂದು ಗುಂಪಿನ ಮುಖವಾಣಿಯಾಗದೆ ಹಲವು ದೇಶಗಳ ದನಿಗಳಿಗೆ ಎಡೆ ಕೊಡಬೇಕೆಂಬುದು ಆತನ ಸಂಕಲ್ಪವಾಗಿತ್ತು.

ಮಾಲೆಯ ಆಕಾರಕ್ಕೆ ಹೇಳಿ ಮಾಡಿಸಿದಂತಹ ಪುಸ್ತಕವೆಂದರೆ 1964ರಲ್ಲಿ ಬಂದ ಹತ್ತೊಂಬತ್ತನೆಯ ಸಂಪುಟ, ಫ್ರಾಂಕ್ ಓಹಾರಾನ ‘ಲಂಚ್ ಪೊಯೆಮ್ಸ್’. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನೌಕರನಾಗಿದ್ದ ಓಹಾರಾ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೀದಿ ಸುತ್ತುತ್ತ ಕಂಡದ್ದನ್ನು ಕವಿತೆ ಮಾಡುತ್ತಿದ್ದ. ಬರೆದುದನ್ನು ಒಟ್ಟುಗೂಡಿಸುವುದರಲ್ಲಿ ಮಹಾ ಸೋಮಾರಿ. ಊಟ ಇನ್ನೂ ಸಿದ್ಧವಾಗಲಿಲ್ಲವೇ, ಹಸಿವಾಗುತ್ತಿದೆ ಎಂಬ ಧಾಟಿಯಲ್ಲಿ ಪ್ರಕಾಶಕ ವರ್ಷಗಟ್ಟಲೆ ಕಾರ್ಡು ಬರೆದು ಕೆಣಕಿ ಆ ಪುಸ್ತಕವನ್ನು ಹೊರಡಿಸಬೇಕಾಯಿತು. ಕವಿ ಎರಡೇ ವರ್ಷಗಳಲ್ಲಿ ಅಪಘಾತದಲ್ಲಿ ಮಡಿದ. ಪುಸ್ತಕ ಇಂದಿಗೂ ಮಾರಾಟದಲ್ಲಿದೆ.

ಆದರೆ ಮಾಲೆಯಲ್ಲಿ ಪೋಣಿಸಿದ ಮಾತ್ರಕ್ಕೆ ಎಲ್ಲ ಹೂವಿಗೂ ಮನ್ನಣೆ ದೊರೆಯುವುದಿಲ್ಲವೆಂಬುದನ್ನೂ ಹೇಳಬೇಕು. ‘ಹೌಲ್’ ಬೆನ್ನಿಗೇ ಬಂದ ಐದನೆಯ ಸಂಪುಟ ಮೇರಿ ಪಾನ್ಸೊ ಎಂಬಾಕೆಯ ‘ಟ್ರೂ ಮೈಂಡ್ಸ್’. ದಾಂಪತ್ಯ ಪ್ರೇಮವನ್ನು ಕಟ್ಟುನಿಟ್ಟಾದ ಛಂದಸ್ಸಿನಲ್ಲಿ ಹಾಡಿದ ಆ ಸಂಗ್ರಹ, ಪಕ್ಕದಲ್ಲೆದ್ದ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಏಳು ಮಕ್ಕಳ ತಾಯಿಯಾಗಿ ಸಂಸಾರದ ಭಾರ ಹೊತ್ತ ಆಕೆಯ ಎರಡನೆಯ ಸಂಕಲನ ಹೊರಬಂದದ್ದು 1981ರಲ್ಲಿ. 1998ರಲ್ಲಿ ಪ್ರಕಟವಾದ ಸಂಗ್ರಹಕ್ಕೆ ಅಮೆರಿಕದ ವಿಮರ್ಶಕರ ವಲಯದ ಪ್ರಶಸ್ತಿ ಸಂದಾಗ ಆಕೆಗೆ ಎಪ್ಪತ್ತೇಳು ದಾಟಿತ್ತು. ಮಾಲೆಯು ವಾಚಕನನ್ನು ಬಾಗಿಲ ತನಕ ಕರೆತರಬಲ್ಲುದು. ಒಳಗೆ ಕಾಲಿಡುವುದು ಅವನಿಗೆ ಸೇರಿದ್ದು.

ಇಂಥ ಸಂದರ್ಭದಲ್ಲಿ ಪ್ರಕಾಶಕನನ್ನು ಕಾಯುವುದು ಒಂದೇ, ಕೂಡುಕುಟುಂಬದ ಲೆಕ್ಕ. ದುಡಿಯುವ ಅಣ್ಣನ ಸಂಪಾದನೆಯಲ್ಲಿ ಓದುವ ತಮ್ಮಂದಿರ ಊಟ ನಡೆಯುವಂತೆ, ‘ಹೌಲ್’ ತಂದ ಆದಾಯ ಮಾಲೆಯ ಉಳಿದ ಕವಿಗಳಿಗೆ ಆಸರೆಯಾಯಿತು. ಗಿನ್ಸ್‌ಬರ್ಗನೂ ದೊಡ್ಡ ಪ್ರಕಾಶಕರ ಕರೆಗೆ ಓಗೊಡದೆ ದಶಕಗಳ ಕಾಲ ತನ್ನ ಮುಖ್ಯ ಕವನಸಂಗ್ರಹಗಳನ್ನು ಈ ಪುಟ್ಟ ಅಂಗಡಿಗೇ ಕೊಟ್ಟ. 1962–63ರಲ್ಲಿ ನಮ್ಮ ದೇಶದಲ್ಲಿ ಸಂಚರಿಸಿದಾಗ ಆತ ಬರೆದ ದಿನಚರಿಯೂ 1970ರಲ್ಲಿ ಸಿಟಿ ಲೈಟ್ಸ್ ಮೂಲಕವೇ ಹೊರಬಂದಿತು. ಮಾಲೆಯ ಮೂವತ್ತನೆಯ ಸಂಪುಟವಾದ ಆತನ ‘ದಿ ಫಾಲ್ ಆಫ್ ಅಮೆರಿಕ’ 1974ರಲ್ಲಿ ಆ ದೇಶದ ರಾಷ್ಟ್ರೀಯ ಗ್ರಂಥ ಪುರಸ್ಕಾರಕ್ಕೆ ಪಾತ್ರವಾಯಿತು.

ಮನೆಯ ದೀಪ ಬೇರೆ ಮನೆಯಲ್ಲಿ

ಇಷ್ಟೆಲ್ಲ ಕವಿಗಳನ್ನು ಮಾರಿದವನ ಸ್ವಂತ ಕಾವ್ಯದ ಗತಿಯೇನಾಯಿತು? ಫರ್ಲಿಂಗೆಟ್ಟಿಯ ಅತ್ಯಂತ ಜನಪ್ರಿಯ ಸಂಗ್ರಹ ‘ಎ ಕೋನಿ ಐಲೆಂಡ್ ಆಫ್ ದಿ ಮೈಂಡ್’ ಪ್ರಕಟವಾದದ್ದು 1958ರಲ್ಲಿ. ಅದೂ ಹತ್ತು ಲಕ್ಷ ಪ್ರತಿಗಳನ್ನು ಮೀರಿ ಮಾರಾಟವಾಯಿತು, ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ಆಶ್ಚರ್ಯವೆಂದರೆ ಅದನ್ನು ಪ್ರಕಟಿಸಿದ್ದು ಸಿಟಿ ಲೈಟ್ಸ್ ಅಲ್ಲ. ನ್ಯೂಯಾರ್ಕಿನ ನ್ಯೂ ಡೈರೆಕ್ಷನ್ಸ್ ಎಂಬ ಸಂಸ್ಥೆ. ಮುಂದೆಯೂ ಆತನ ಬಹುಪಾಲು ಕೃತಿಗಳು ಅಲ್ಲಿಂದಲೇ ಬಂದವು. ತನ್ನ ಮಾಲೆಯ ಮೊದಲ ಸ್ಥಾನವನ್ನು ತಾನೇ ವಹಿಸಿದವನು ಉಳಿದ ಸ್ಥಾನಗಳನ್ನು ಬಹುಮಟ್ಟಿಗೆ ಅನ್ಯರಿಗೇ ಬಿಟ್ಟುಕೊಟ್ಟ.

ಆ ಸಂಗ್ರಹದ ಕೆಲವು ಕವಿತೆಗಳನ್ನು ಜಾಝ್ ವಾದ್ಯದ ಹಿಮ್ಮೇಳದೊಡನೆ ಗಟ್ಟಿಯಾಗಿ ಹೇಳುವುದಕ್ಕಾಗಿಯೇ ರಚಿಸಿದ್ದ. ಕವಿತೆಯನ್ನು ಪಂಡಿತರ ಪುಟದಿಂದ ಕಿವಿಗೆ ತರಬೇಕೆಂಬುದು ಆತನ ಹಂಬಲ. ತಿಳಿಯಾದ ಮಾತು, ನಗೆ, ನಡುವೆ ಚುಚ್ಚುವ ವ್ಯಂಗ್ಯ ಆತನ ಶೈಲಿ. ಗಹನತೆ ಸಾಲದೆಂದು ಕೆಲವು ವಿಮರ್ಶಕರು ಮೂಗು ಮುರಿದದ್ದುಂಟು. ಆದರೆ ಕವಿತೆಯೆಂದರೆ ಪರೀಕ್ಷೆಯ ಪಠ್ಯವೆಂದಷ್ಟೇ ತಿಳಿದಿದ್ದ ತರುಣರು ಮೊದಲ ಬಾರಿಗೆ ಸ್ವಂತ ಹಣದಿಂದ ಕೊಂಡ ಪದ್ಯಪುಸ್ತಕ ಇದಾಗಿದ್ದರೆ ಸೋಜಿಗವಿಲ್ಲ.

ಮಾರುವುದನ್ನು ಬಲ್ಲವನಿಗೆ ಮಾರಿಕೊಳ್ಳದಿರುವುದೂ ತಿಳಿದಿರಬೇಕು. 2012ರಲ್ಲಿ ಹಂಗೇರಿಯ ಲೇಖಕರ ಸಂಘವೊಂದು 50,000 ಯೂರೋಗಳ ಕಾವ್ಯ ಪ್ರಶಸ್ತಿಯನ್ನು ಆತನಿಗೆ ಘೋಷಿಸಿತು. ಆ ಹಣದ ಒಂದು ಭಾಗ ಹಂಗೇರಿ ಸರ್ಕಾರದ್ದೆಂದೂ, ಅಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಅಡ್ಡಿಗಳಿವೆಯೆಂದೂ ತಿಳಿದು ತೊಂಬತ್ತಮೂರರ ಮುದುಕ ಪ್ರಶಸ್ತಿಯನ್ನು ನಿರಾಕರಿಸಿದ.

ಅಂಗಡಿ ಉಳಿದ ಬಗೆ

ಅಂಗಡಿ ಸದಾ ಲಾಭದಲ್ಲಿ ನಡೆಯಿತೆಂದು ಭಾವಿಸಬಾರದು. ಲೆಕ್ಕಪತ್ರ ಕವಿಯ ಬಲದ ವಿದ್ಯೆಯಾಗಿರಲಿಲ್ಲ. 1971ರಲ್ಲಿ ಸಂಪಾದಕಿಯಾಗಿ ಸೇರಿದ ನ್ಯಾನ್ಸಿ ಪೀಟರ್ಸ್ ಮುಂದೆ ಪಾಲುದಾರಳಾಗಿ ಸಂಸ್ಥೆಯನ್ನು ಹಳಿಯ ಮೇಲೆ ನಿಲ್ಲಿಸಿದಳು. ಬಾಡಿಗೆಯಲ್ಲಿದ್ದ ಕಟ್ಟಡವನ್ನು ಕೊನೆಗೆ ಕೊಂಡುಕೊಂಡರು. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಫರ್ಲಿಂಗೆಟ್ಟಿಯನ್ನು ತನ್ನ ಪ್ರಥಮ ಆಸ್ಥಾನಕವಿಯನ್ನಾಗಿ ಗೌರವಿಸಿತು; 2001ರಲ್ಲಿ ಅಂಗಡಿಯನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು. ಯಾವ ಊರಿನ ಪೊಲೀಸರು ದಸ್ತಗಿರಿ ಮಾಡಿದ್ದರೋ ಅದೇ ಊರು!

ಕೊನೆಯ ಗಂಡಾಂತರ ಬಂದದ್ದು 2020ರಲ್ಲಿ. ಮಹಾಮಾರಿಯ ನಿಮಿತ್ತ ಮಾರ್ಚಿಯಲ್ಲಿ ಬಾಗಿಲು ಮುಚ್ಚಿದ ಅಂಗಡಿಗೆ ನೌಕರರ ಸಂಬಳ ಕೊಡುವುದೇ ದುಸ್ತರವಾಯಿತು. ಏಪ್ರಿಲ್‌ನಲ್ಲಿ ಸಂಸ್ಥೆ ಮೂರು ಲಕ್ಷ ಡಾಲರ್ ನೆರವು ಬೇಕೆಂದು ವಾಚಕರನ್ನು ಬೇಡಿತು. ಕೆಲವೇ ದಿನಗಳಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಹಣ ಸಾವಿರಾರು ಕೈಗಳಿಂದ ಹರಿದುಬಂದಿತು. ಕೊಳ್ಳದೆ ಕುಳಿತು ಓದಲು ಬಿಟ್ಟ ಅಂಗಡಿಗೆ ವಾಚಕರು ತಮ್ಮ ಋಣವನ್ನು ಹೀಗೆ ಸಲ್ಲಿಸಿದರು. ಮರುವರ್ಷ ಫೆಬ್ರವರಿ 22ರಂದು ಫರ್ಲಿಂಗೆಟ್ಟಿ ಕಣ್ಣುಮುಚ್ಚಿದ.

ಸರಸ್ವತಿ ಇದ್ದಲ್ಲಿ ಲಕ್ಷ್ಮಿ ಬಾರಳೆಂಬ ಮಾತನ್ನು ಈ ಕಥೆ ಪೂರ್ತಿ ಸುಳ್ಳು ಮಾಡಿತೆಂದು ಹೇಳಲಾರೆವು. ಫರ್ಲಿಂಗೆಟ್ಟಿ ಕುಬೇರನಾಗಲಿಲ್ಲ, ಆಗಲು ಹೊರಟವನೂ ಅಲ್ಲ. ಆದರೆ ಅಳತೆ, ಬೆಲೆ, ಹೊದಿಕೆ, ಸಂಖ್ಯೆ ಇವು ಕಾವ್ಯದ ಘನತೆಗೆ ಕುಂದಲ್ಲ, ಅದರ ಸೇವೆಯ ಉಪಕರಣಗಳೆಂಬುದನ್ನು ಆತ ತೋರಿಸಿಕೊಟ್ಟ. ಜೊತೆಗೆ, ತಾನು ಮಾರುವ ಪುಸ್ತಕಕ್ಕಾಗಿ ಅಂಗಡಿಯವನು ಸೆರೆಮನೆಗೂ ಸಿದ್ಧನಾಗಬೇಕೆಂಬುದನ್ನು ನಡೆದು ತೋರಿಸಿದ. ಮುಂದಿನ ಸಲ ಪುಸ್ತಕದಂಗಡಿಗೆ ಹೋದಾಗ ದಪ್ಪ ಪುಸ್ತಕಗಳ ನಡುವೆ ಉಸಿರು ಬಿಗಿಹಿಡಿದು ನಿಂತಿರುವ ತೆಳ್ಳನೆಯ ಸಂಕಲನವೊಂದನ್ನು ವಾಚಕರು ಹೊರಗೆಳೆದು ನಾಲ್ಕು ಪುಟ ತಿರುವಿ ನೋಡಲಿ. ಹಿಡಿಸಿದರೆ ಕೊಳ್ಳಲಿ. ಅಂಗಡಿಯವನು ಕೇಳುವುದು ಅಷ್ಟನ್ನೇ, ಕವಿಯೂ ಅಷ್ಟನ್ನೇ.